ಔಷಧವಾಗುವ ಮೊದಲು, ಔಷಧವಾದ ಮೇಲೆ

ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂಬ ಪದವನ್ನು ಇಂದಿಗೂ ದನಿ ತಗ್ಗಿಸಿಯೇ ಆಡುತ್ತಾರೆ. 'ಆ ಕಾಯಿಲೆ' ಎಂದರೆ ಸಾಕು, ಕೇಳುವವರಿಗೆ ಅರ್ಥವಾಗುತ್ತದೆ. ಅದೇ ಮನೆಗಳಲ್ಲಿ 'ಕ್ಯಾನ್ಸರಿಗೆ ಹೊಸ ಔಷಧ ಪತ್ತೆ' ಎಂಬ ಪತ್ರಿಕಾ ಸುದ್ದಿಯನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುವ ವಾಡಿಕೆಯೂ ಇದೆ. ತಿಂಗಳುಗಳು ಉರುಳುತ್ತವೆ, ಆ ಔಷಧ ಅಂಗಡಿಗೆ ಬರುವುದಿಲ್ಲ, ಬಂದರೂ ಅದರ ಬೆಲೆ ಕೇಳಿ ಮನೆಯವರ ಮುಖ ಬಾಡುತ್ತದೆ. ಸುದ್ದಿಗೂ ಔಷಧಕ್ಕೂ ನಡುವೆ, ಔಷಧಕ್ಕೂ ರೋಗಿಗೂ ನಡುವೆ ಇರುವ ಈ ದೂರ ಎಂಥದು? ಪ್ರಯೋಗಾಲಯದಲ್ಲಿ ಹುಟ್ಟಿದ ಒಂದು ರಾಸಾಯನಿಕ ಸಂಯುಕ್ತ ಔಷಧವೆನಿಸಿಕೊಳ್ಳುವುದು ಯಾವ ಗಳಿಗೆಯಲ್ಲಿ?

ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕಾದ ಕೃತಿ ಡಾ. ಸಿದ್ಧಾರ್ಥ ಮುಖರ್ಜಿಯವರ 'ದಿ ಎಂಪರರ್ ಆಫ್ ಆಲ್ ಮ್ಯಾಲಡೀಸ್', ಅಂದರೆ 'ಸಕಲ ವ್ಯಾಧಿಗಳ ಚಕ್ರವರ್ತಿ'. ದೆಹಲಿಯಲ್ಲಿ ಹುಟ್ಟಿ, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್ ಮತ್ತು ಹಾರ್ವರ್ಡ್‌ಗಳಲ್ಲಿ ಕಲಿತು, ಅಮೆರಿಕದಲ್ಲಿ ಕ್ಯಾನ್ಸರ್ ತಜ್ಞರಾಗಿರುವ ಈ ಲೇಖಕರ ಇಂಗ್ಲಿಷ್ ಕೃತಿ 2010ರಲ್ಲಿ ಪ್ರಕಟವಾಯಿತು. 2011ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಇದನ್ನು ಅವರು ಕ್ಯಾನ್ಸರಿನ 'ಜೀವನಚರಿತ್ರೆ' ಎಂದು ಕರೆದಿದ್ದಾರೆ. ಶಸ್ತ್ರಚಿಕಿತ್ಸೆ, ವಿಕಿರಣ, ತಂಬಾಕು, ವಂಶವಾಹಿಗಳು ಎಲ್ಲವೂ ಐನೂರು ಪುಟ ಮೀರಿದ ಈ ಗ್ರಂಥದಲ್ಲಿವೆ. ಅವೆಲ್ಲವನ್ನೂ ಪರಾಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. 2010ರ ಮೂಲ ಆವೃತ್ತಿಯನ್ನು ಮುಂದಿರಿಸಿಕೊಂಡು, ಹೊಸ ಸಂಯುಕ್ತಗಳು ಔಷಧಗಳಾದ ಬಗೆಯನ್ನು ಅದು ಹೇಗೆ ನಿರೂಪಿಸುತ್ತದೆ ಎಂಬ ಒಂದೇ ಎಳೆಯನ್ನು ಇಲ್ಲಿ ಹಿಡಿದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಂಯುಕ್ತವೊಂದು ಔಷಧವಾಗುವ ತನಕದ ಕಥೆಯನ್ನು ಈ ಕೃತಿ ಅಪರೂಪದ ಪ್ರಾಮಾಣಿಕತೆಯಿಂದ ಹೇಳುತ್ತದೆ. ಔಷಧವಾದ ಮೇಲಿನ ಕಥೆಗೆ ಮಾತ್ರ ಅದು ಬಹಳ ಕಡಿಮೆ ಸ್ಥಳ ಕೊಟ್ಟಿದೆ. ಈ ಕೊರತೆ ಆಕಸ್ಮಿಕವಲ್ಲ. ಕೃತಿ ನೆಚ್ಚಿಕೊಂಡಿರುವ 'ಯುದ್ಧ'ವೆಂಬ ರೂಪಕದಲ್ಲಿಯೇ ಅದರ ಬೇರಿದೆ.

ನೆಲಮಾಳಿಗೆಯ ವೈದ್ಯ

ಕೃತಿಯ ಮೊದಲ ಭಾಗದ ಕೇಂದ್ರವ್ಯಕ್ತಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್. ಸತ್ತ ಮಕ್ಕಳ ದೇಹಗಳನ್ನು ಪರೀಕ್ಷಿಸುತ್ತ ನೆಲಮಾಳಿಗೆಯಲ್ಲಿ ವರ್ಷಗಳನ್ನು ಕಳೆದಿದ್ದ ಈ ವೈದ್ಯ, 1947ರಲ್ಲಿ ಬದುಕಿರುವ ಮಕ್ಕಳ ಕಡೆಗೆ ತಿರುಗಿದರು. ಆಗ ಮಕ್ಕಳ ರಕ್ತದ ಕ್ಯಾನ್ಸರಿಗೆ, ಅಂದರೆ ಲುಕೇಮಿಯಾಕ್ಕೆ, ಚಿಕಿತ್ಸೆಯೇ ಇರಲಿಲ್ಲ. ರೋಗ ಪತ್ತೆಯಾದ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಮಗು ತೀರಿಹೋಗುತ್ತಿತ್ತು.

ಫಾರ್ಬರ್ ಅವರ ಕೈಗೆ ಬಂದ ಸಂಯುಕ್ತದ ಮೂಲವನ್ನು ಹುಡುಕುತ್ತ ಲೇಖಕರು ನಮ್ಮನ್ನು ಮುಂಬಯಿಗೆ ಕರೆತರುತ್ತಾರೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಅಲ್ಲಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಲೇಹ್ಯದಿಂದ ಆ ಹೆಂಗಸರು ಚೇತರಿಸಿಕೊಂಡದ್ದನ್ನು ಆಕೆ ಕಂಡರು. ಅದರಲ್ಲಿದ್ದ ಜೀವಸತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರು ಪಡೆಯಿತು. ರಕ್ತಕಣಗಳು ಹುಟ್ಟಿ ಬೆಳೆಯಲು ಇದು ಬೇಕು. ಹಾಗಾದರೆ ಲಂಗುಲಗಾಮಿಲ್ಲದೆ ಬೆಳೆಯುವ ಲುಕೇಮಿಯಾ ಕಣಗಳಿಗೂ ಇದೇ ಬೇಕಲ್ಲವೇ? ಫೋಲಿಕ್ ಆಮ್ಲವನ್ನು ಕೊಟ್ಟಾಗ ರೋಗ ಉಲ್ಬಣಿಸಿದ್ದನ್ನು ಫಾರ್ಬರ್ ಗಮನಿಸಿದರು. ಹಾಗೆಂದರೆ ಅದಕ್ಕೆ ವಿರುದ್ಧವಾದುದನ್ನು ಕೊಟ್ಟು ನೋಡಬೇಕು.

ಆ 'ವಿರುದ್ಧವಾದುದ'ನ್ನು ಒದಗಿಸಿದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 1923ರಲ್ಲಿ ಬಾಸ್ಟನ್ನಿಗೆ ಹೋಗಿ, ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಆಳಿನ ಕೆಲಸ ಮಾಡಿ ಓದಿದ ಈ ವಿಜ್ಞಾನಿಗೆ ಹಾರ್ವರ್ಡ್‌ನಲ್ಲಿ ಶಾಶ್ವತ ಹುದ್ದೆ ದೊರೆಯಲಿಲ್ಲ. ಲೆಡರ್ಲಿ ಎಂಬ ಔಷಧ ಸಂಸ್ಥೆಯನ್ನು ಸೇರಿ ಅವರು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸುವ ತಂಡವನ್ನು ಮುನ್ನಡೆಸಿದರು. ಆ ದಾರಿಯಲ್ಲಿ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ಹಲವು ಸಂಯುಕ್ತಗಳು ಹುಟ್ಟಿದವು. ಅವುಗಳಲ್ಲಿ ಅಮೈನೋಪ್ಟೆರಿನ್ ಒಂದು. ಅದರ ಕಾರ್ಯವಿಧಾನ ಸುಲಭವಾಗಿ ತಿಳಿಯುವಂಥದು: ಬೀಗಕ್ಕೆ ಸರಿಯಾಗಿ ಕೂರುವ, ಆದರೆ ತಿರುಗದ ಬೀಗದಕೈ ಅದು. ಒಮ್ಮೆ ಒಳಹೊಕ್ಕರೆ ನಿಜವಾದ ಬೀಗದಕೈಗೆ ಜಾಗವಿಲ್ಲ. ಆಗ ಜೀವಕೋಶ ತನ್ನ ಡಿಎನ್‌ಎಯನ್ನು ಕಟ್ಟಲಾರದೆ ಸಾಯುತ್ತದೆ.

1947ರ ಡಿಸೆಂಬರಿನ ಕೊನೆಯಲ್ಲಿ ಎರಡು ವರ್ಷದ ಒಬ್ಬ ಬಾಲಕನಿಗೆ ಈ ಸಂಯುಕ್ತವನ್ನು ಚುಚ್ಚಲಾಯಿತು. ಕೆಲವೇ ದಿನಗಳಲ್ಲಿ ಅವನ ರಕ್ತದಲ್ಲಿನ ಕ್ಯಾನ್ಸರ್ ಕಣಗಳು ಇಳಿಯತೊಡಗಿದವು. ಹಾಸಿಗೆ ಹಿಡಿದಿದ್ದ ಮಗು ಎದ್ದು ನಡೆಯಿತು. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ ಚಿಕಿತ್ಸೆ ಪಡೆದ 16 ಮಕ್ಕಳ ಪೈಕಿ 10 ಮಕ್ಕಳು ಚೇತರಿಕೆ ಕಂಡಿದ್ದರು. ಆದರೆ ಆ ಚೇತರಿಕೆ ಕೆಲವು ತಿಂಗಳು ಮಾತ್ರ ನಿಂತಿತು. ರೋಗ ಮರಳಿತು, ಆ ಬಾಲಕ ಅದೇ ವರ್ಷ ತೀರಿಕೊಂಡ. ಸುಬ್ಬರಾವ್ ಕೂಡ 1948ರ ಆಗಸ್ಟಿನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ನಿಧನರಾದರು.

ಮುಖರ್ಜಿಯವರು ತಮ್ಮ ಮಹಾಗ್ರಂಥವನ್ನು ಯಾವ ಪ್ರಸಿದ್ಧ ವಿಜ್ಞಾನಿಗೂ ಅರ್ಪಿಸಿಲ್ಲ. 1945ರಲ್ಲಿ ಹುಟ್ಟಿ 1948ರಲ್ಲಿ ಸತ್ತ ಈ ಮಗುವಿಗೂ, ಅವನ ಹಿಂದೆ ಮುಂದೆ ಬಂದವರಿಗೂ ಅರ್ಪಿಸಿದ್ದಾರೆ. ಕೃತಿಯ ನೈತಿಕ ಗಾಂಭೀರ್ಯವೆಲ್ಲ ಈ ಅರ್ಪಣೆಯಲ್ಲಿ ಅಡಗಿದೆ ಎಂದು ನನಗನಿಸುತ್ತದೆ. ಸೀಸೆಯಲ್ಲಿರುವ ತನಕ ಸಂಯುಕ್ತ ಒಂದು ಊಹೆ ಮಾತ್ರ. ಮನುಷ್ಯದೇಹವೊಂದು ಅದನ್ನು ಸ್ವೀಕರಿಸಿ, ಅದರ ಸುಡುವಿಕೆಯನ್ನು ತಾಳಿಕೊಂಡಾಗ ಮಾತ್ರ ಅದು ಔಷಧವಾಗುವ ದಾರಿ ಹಿಡಿಯುತ್ತದೆ. ಇಂದು ಈ ರೋಗದಿಂದ ಗುಣವಾಗುವ ಬಹುಪಾಲು ಮಕ್ಕಳು, ಗುಣವಾಗದೆ ಹೋದ ಆ ಮೊದಲ ಮಕ್ಕಳಿಗೆ ಋಣಿಗಳು. ಅಮೈನೋಪ್ಟೆರಿನ್ನಿನ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ವಾರ್ಡುಗಳಲ್ಲಿ ದಿನನಿತ್ಯ ಬಳಕೆಯಲ್ಲಿದೆ.

ವಿಷದಿಂದ, ಎಲೆಯಿಂದ, ಲೋಹದಿಂದ

ಕ್ಯಾನ್ಸರ್ ಔಷಧಗಳ ಹುಟ್ಟು ಎಷ್ಟು ವಿಚಿತ್ರ ಮೂಲಗಳಿಂದ ಆಯಿತೆಂಬುದನ್ನು ನೋಡಿದರೆ ಬೆರಗಾಗುತ್ತದೆ. ಕೃತಿ ವಿವರವಾಗಿ ಹೇಳುವ ಒಂದು ಮೂಲ ಯುದ್ಧದ ವಿಷಾನಿಲ. ಮಸ್ಟರ್ಡ್ ಅನಿಲಕ್ಕೆ ಸಿಕ್ಕ ಸೈನಿಕರ ರಕ್ತದಲ್ಲಿ ಬಿಳಿಯ ಕಣಗಳು ಅಳಿದುಹೋಗುತ್ತಿದ್ದವು. ಇದನ್ನು ಅರಿತ ಯೇಲ್ ವಿಶ್ವವಿದ್ಯಾಲಯದ ಲೂಯಿ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್, ಅದರ ಸೋದರ ಸಂಯುಕ್ತವಾದ ನೈಟ್ರೊಜನ್ ಮಸ್ಟರ್ಡನ್ನು 1942ರಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಿನಿಂದ ನರಳುತ್ತಿದ್ದ ರೋಗಿಗೆ ಕೊಟ್ಟರು. ಗಡ್ಡೆಗಳು ಕರಗಿದವು, ಬಳಿಕ ಮತ್ತೆ ಬೆಳೆದವು. ದಾಖಲೆಗಳಲ್ಲಿ ಬರಿಯ ಎರಡು ಅಕ್ಷರಗಳಿಂದ ಗುರುತಿಸಲ್ಪಟ್ಟ ಆ ರೋಗಿ ಅದೇ ವರ್ಷದ ಕೊನೆಗೆ ಸತ್ತರು. ಮಹಾಯುದ್ಧದ ಗೌಪ್ಯತೆಯ ಕಾರಣ ಈ ಸಂಶೋಧನೆ 1946ರ ತನಕ ಹೊರಬರಲಿಲ್ಲ.

ಇನ್ನೊಂದು ಮೂಲ ನಮಗೆಲ್ಲ ಪರಿಚಿತವಾದ ಗಿಡ. ನಮ್ಮ ಅಂಗಳಗಳಲ್ಲೂ ಸಮಾಧಿಭೂಮಿಗಳಲ್ಲೂ ನೀರು ಗೊಬ್ಬರ ಕೇಳದೆ ವರ್ಷವಿಡೀ ಅರಳುವ ನಿತ್ಯಪುಷ್ಪ, ಕೆಲವರು ಕಾಶಿಕಣಗಿಲೆ ಎನ್ನುವ ಗುಲಾಬಿ ಬಣ್ಣದ ಹೂವು. ಅದರ ತವರು ಮಡಗಾಸ್ಕರ್ ದ್ವೀಪ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆಯ ಕಷಾಯ ಕುಡಿಯುತ್ತಾರೆಂಬ ಸುದ್ದಿಯೊಂದಿಗೆ ಕೆಲವು ಎಲೆಗಳು 1952ರಲ್ಲಿ ಕೆನಡಾ ತಲುಪಿದವು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವುಗಳನ್ನು ಪರೀಕ್ಷಿಸಿದಾಗ ಸಕ್ಕರೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಳಿಯ ರಕ್ತಕಣಗಳು ಮಾತ್ರ ಕುಸಿದವು. ಅದರಿಂದ ವಿನ್‌ಬ್ಲಾಸ್ಟಿನ್ ಬಂದಿತು. ಇಲೈ ಲಿಲ್ಲಿ ಸಂಸ್ಥೆಯ ವಿಜ್ಞಾನಿಗಳ ಶ್ರಮದಿಂದ ವಿನ್‌ಕ್ರಿಸ್ಟಿನ್ ಬಂದು 1963ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಜೀವಕೋಶ ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮ ನೂಲುಗಳನ್ನೇ ಈ ಸಂಯುಕ್ತ ಕೆಡಿಸುತ್ತದೆ. ಒಂದು ಗ್ರಾಮಿನಷ್ಟು ಔಷಧಕ್ಕೂ ರಾಶಿ ರಾಶಿ ಎಲೆ ಬೇಕು. ಆದ್ದರಿಂದ 'ಎಲೆ ಅಗಿದರೆ ಸಾಕು' ಎಂಬ ಮಾತು ಅಪಾಯಕಾರಿ. ಎಲೆಯಲ್ಲಿ ಇತರ ವಿಷಗಳೂ ಇವೆ. ಗಿಡದಿಂದ ಅಣುವನ್ನು ಬೇರ್ಪಡಿಸಿ, ಅಳೆದು, ಪರೀಕ್ಷಿಸಿದ್ದರಿಂದಲೇ ಅದು ಔಷಧವಾಯಿತು.

ನಮ್ಮ ಪಶ್ಚಿಮ ಘಟ್ಟವೂ ಈ ಕಥೆಯ ಪಾಲುದಾರ. ಮನ್ರೋ ವಾಲ್ ಮತ್ತು ನಮ್ಮ ದೇಶದವರೇ ಆದ ಮನ್ಸುಖ್ ವಾನಿ ಅಮೆರಿಕದಲ್ಲಿ 1966ರಲ್ಲಿ ಚೀನಾದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದರು. ಅದೇ ಸಂಯುಕ್ತ ಘಟ್ಟದ ಕಾಡುಗಳ ನೊಥಾಪೊಡೈಟಿಸ್ ಎಂಬ ಸಣ್ಣ ಮರದಲ್ಲಿ ಇನ್ನೂ ಹೇರಳವಾಗಿದೆಯೆಂದು 1972ರಲ್ಲಿ ತಿಳಿದುಬಂತು. ಅದರಿಂದ ರೂಪಿಸಿದ ಟೊಪೊಟಿಕಾನ್ ಮತ್ತು ಇರಿನೊಟಿಕಾನ್ 1996ರಲ್ಲಿ ಅಮೆರಿಕದಲ್ಲಿ ಔಷಧಗಳಾದವು. ಇತ್ತ ಬೇಡಿಕೆಯಿಂದಾಗಿ ಘಟ್ಟದ ಆ ಮರಗಳು ಮಿತಿಮೀರಿ ಕಡಿಯಲ್ಪಟ್ಟು, ಅದರ ಉಳಿವೇ ಚಿಂತೆಯ ವಿಷಯವಾಯಿತು. ಔಷಧದ ಬೆಲೆಯನ್ನು ತೆರುವವರು ರೋಗಿಗಳಷ್ಟೇ ಅಲ್ಲ.

ಲೋಹದ ಕಥೆಯೂ ಕೃತಿಯಲ್ಲಿದೆ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ಪರೀಕ್ಷಿಸುತ್ತಿದ್ದಾಗ ಅವು ವಿಭಜನೆಯಾಗದೆ ದಾರದಂತೆ ಉದ್ದವಾದವು. ಕಾರಣ ವಿದ್ಯುತ್ತಲ್ಲ, ಕಡ್ಡಿಗಳ ಪ್ಲಾಟಿನಮ್ಮಿನಿಂದ ಹುಟ್ಟಿದ ಸಂಯುಕ್ತವೆಂದು ಗೊತ್ತಾಯಿತು. ಅದೇ ಸಿಸ್‌ಪ್ಲಾಟಿನ್. ಒಂದು ಶತಮಾನಕ್ಕೂ ಹಿಂದೆ, 1845ರಲ್ಲೇ ರಸಾಯನಶಾಸ್ತ್ರಜ್ಞರು ತಯಾರಿಸಿ ಮರೆತಿದ್ದ ವಸ್ತು ಅದು. 1978ರಲ್ಲಿ ಅನುಮೋದನೆ ಪಡೆದ ಬಳಿಕ ವೃಷಣದ ಕ್ಯಾನ್ಸರನ್ನು ಹೆಚ್ಚಿನವರಲ್ಲಿ ಗುಣವಾಗುವ ರೋಗವನ್ನಾಗಿ ಅದು ಬದಲಿಸಿತು. ಅದು ತರುತ್ತಿದ್ದ ವಾಂತಿಯ ಯಾತನೆಯನ್ನೂ ಲೇಖಕರು ಮುಚ್ಚಿಟ್ಟಿಲ್ಲ.

ಯುದ್ಧವೆಂಬ ರೂಪಕ

ಇಲ್ಲಿಂದ ನನ್ನ ಆಕ್ಷೇಪ ಆರಂಭವಾಗುತ್ತದೆ. 1971ರ ಡಿಸೆಂಬರ್ 23ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದ್ದನ್ನು ಜಗತ್ತು 'ಕ್ಯಾನ್ಸರಿನ ಮೇಲಿನ ಯುದ್ಧ'ವೆಂದು ಕರೆಯಿತು. ಮೇರಿ ಲಾಸ್ಕರ್ ಎಂಬ ದಿಟ್ಟ ಮಹಿಳೆ ಮತ್ತು ಫಾರ್ಬರ್ ಸೇರಿ ಈ ಚಳವಳಿಯನ್ನು ಕಟ್ಟಿದ ಬಗೆಯನ್ನು ಮುಖರ್ಜಿ ಸೊಗಸಾಗಿ ಬರೆದಿದ್ದಾರೆ. ಯುದ್ಧದ ಉತ್ಸಾಹ ತಂದ ಅನಾಹುತಗಳನ್ನೂ ಅವರು ಬಲ್ಲರು. ಸ್ತನ ಕ್ಯಾನ್ಸರಿಗೆ ಅತಿ ಹೆಚ್ಚಿನ ಪ್ರಮಾಣದ ಔಷಧ ಕೊಟ್ಟು, ನಾಶವಾದ ಅಸ್ಥಿಮಜ್ಜೆಯನ್ನು ಮತ್ತೆ ತುಂಬುವ ಚಿಕಿತ್ಸೆಗೆ ಸಾವಿರಾರು ಮಹಿಳೆಯರು ಒಳಗಾದರು. ದಕ್ಷಿಣ ಆಫ್ರಿಕಾದ ವೈದ್ಯ ವರ್ನರ್ ಬೆಜ್ವೋಡಾ ಅದರಿಂದ ಪ್ರಯೋಜನವಿದೆಯೆಂದು ಸಾಧಿಸಿದ್ದರು. 2000ದಲ್ಲಿ ಪರಿಶೀಲಕರು ಹೋಗಿ ನೋಡಿದಾಗ ಅವರ ದಾಖಲೆಗಳು ಸುಳ್ಳೆಂದು ಬಯಲಾಯಿತು. ಈ ಅಧ್ಯಾಯ ಕೃತಿಯ ಶ್ರೇಷ್ಠ ಭಾಗಗಳಲ್ಲೊಂದು. ಪರೀಕ್ಷೆಯ ಶಿಸ್ತನ್ನು ಮೀರಿದ ಆಶೆ ಎಷ್ಟು ಕ್ರೂರವಾಗಬಹುದೆಂಬುದನ್ನು ಅದು ತೋರಿಸುತ್ತದೆ.

ಇಷ್ಟೆಲ್ಲ ಬಲ್ಲ ಲೇಖಕರು ತಾವೇ ಆ ರೂಪಕದಿಂದ ಹೊರಬರುವುದಿಲ್ಲ. ಕೃತಿಯ ತುಂಬ ಸೇನಾನಿಗಳು, ಶಸ್ತ್ರಗಳು, ಮುತ್ತಿಗೆಗಳು, ಗೆಲುವು ಸೋಲುಗಳು. ರೋಗವನ್ನೇ ಚಕ್ರವರ್ತಿಯ ಪಟ್ಟಕ್ಕೇರಿಸಿದ ಶೀರ್ಷಿಕೆಯೂ ಅದೇ ಭಾಷೆಯದು. ಅಮೆರಿಕದ ಲೇಖಕಿ ಸೂಸನ್ ಸಾಂಟ್ಯಾಗ್, ಸ್ವತಃ ಕ್ಯಾನ್ಸರ್ ರೋಗಿಯಾಗಿದ್ದು, 1978ರಲ್ಲೇ ಇಂಥ ರೂಪಕಗಳು ರೋಗಿಯ ಮೇಲೆ ಎರಡನೆಯ ಹೊರೆ ಹೊರಿಸುತ್ತವೆಂದು ಎಚ್ಚರಿಸಿದ್ದರು. ಯುದ್ಧದ ಭಾಷೆಯಲ್ಲಿ ರೋಗಿಯ ದೇಹ ರಣರಂಗವಾಗುತ್ತದೆ. ಔಷಧ ಫಲಿಸದೆ ಹೋದರೆ ರೋಗಿ 'ಸೋತ'ನೆಂದು ಹೇಳುತ್ತೇವೆ. ಫಲಿಸದೆ ಹೋದದ್ದು ಔಷಧ. ಸೋತವನೆಂಬ ಪಟ್ಟ ಮಾತ್ರ ರೋಗಿಗೆ. ಸಾವಿನ ಮನೆಗಳಲ್ಲಿ ನಾವು ಆಡುವ ಸಾಂತ್ವನದ ಮಾತುಗಳಲ್ಲಿಯೂ ಈ ಅನ್ಯಾಯ ನುಸುಳಿದೆ.

ಅದಕ್ಕಿಂತ ಮುಖ್ಯವಾಗಿ, ಕೃತಿಯ ಸ್ವಂತ ಸಾಮಗ್ರಿಯೇ ಈ ರೂಪಕಕ್ಕೆ ಒಗ್ಗುವುದಿಲ್ಲ. ಮಸ್ಟರ್ಡ್ ಅನಿಲ ಯುದ್ಧದಿಂದ ಬಂದದ್ದು ನಿಜ. ಆದರೆ ಮಕ್ಕಳ ಲುಕೇಮಿಯಾ ಔಷಧದ ಬೇರು ಹಸಿದ ಗರ್ಭಿಣಿಯರ ಆರೈಕೆಯಲ್ಲಿದೆ. ವಿನ್‌ಕ್ರಿಸ್ಟಿನ್ನಿನ ಬೇರು ಹಳ್ಳಿಗರ ಕಷಾಯದಲ್ಲಿದೆ. ಸಿಸ್‌ಪ್ಲಾಟಿನ್ ಬಂದದ್ದು ತನ್ನ ಊಹೆ ತಪ್ಪಿದಾಗಲೂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದ ಒಬ್ಬನ ತಾಳ್ಮೆಯಿಂದ. ಇವು ಆಕ್ರಮಣದ ಕಥೆಗಳಲ್ಲ, ಗಮನದ ಕಥೆಗಳು. ಸೇನಾನಿಗಳ ಬೆಳಕಿನಲ್ಲಿ ಸುಬ್ಬರಾವ್ ಅವರಂಥವರು ಕೆಲವೇ ಪುಟಗಳಲ್ಲಿ ಬಂದು ಸರಿದುಹೋಗುವುದಕ್ಕೂ ಇದೇ ಕಾರಣವೆನಿಸುತ್ತದೆ.

ಒಂದು ಅಣುವನ್ನು ತಿದ್ದಿದ ಬಗೆ

ಆಧುನಿಕ ಔಷಧ ನಿರ್ಮಾಣದ ಶಿಖರವೆಂದು ಕೃತಿ ಗುರುತಿಸುವುದು ಇಮಾಟಿನಿಬ್ ಎಂಬ ಸಂಯುಕ್ತವನ್ನು. ಗ್ಲಿವೆಕ್ ಅದರ ವ್ಯಾಪಾರನಾಮ. ದೀರ್ಘಕಾಲಿಕ ಮೈಲಾಯ್ಡ್ ಲುಕೇಮಿಯಾ ಎಂಬ ರೋಗದಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ತಪ್ಪು ಜೋಡಣೆಯಿಂದ ಹುಟ್ಟುವ ವಿಕೃತ ಕಿಣ್ವವೊಂದು 'ಬೆಳೆ, ಬೆಳೆ' ಎಂಬ ಆಜ್ಞೆಯನ್ನು ನಿಲ್ಲಿಸದೆ ಹೊರಡಿಸುತ್ತಿರುತ್ತದೆ.

ಆ ಕಿಣ್ವವೊಂದನ್ನೇ ಮುಚ್ಚುವ ಅಣು ಬೇಕಿತ್ತು. ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಸಂಸ್ಥೆಯಲ್ಲಿ ನಿಕ್ ಲೈಡನ್, ಅಲೆಕ್ಸ್ ಮ್ಯಾಟರ್ ಮತ್ತು ರಸಾಯನಶಾಸ್ತ್ರಜ್ಞ ಯೂರ್ಗ್ ಝಿಮ್ಮರ್‌ಮನ್ ಬೇರೊಂದು ಕಿಣ್ವವನ್ನು ತಡೆಯುತ್ತಿದ್ದ ಸಂಯುಕ್ತದಿಂದ ಆರಂಭಿಸಿದರು. ಅದಕ್ಕೆ ಒಂದು ಇಂಗಾಲ ಮತ್ತು ಮೂರು ಜಲಜನಕಗಳ ಪುಟ್ಟ ಗುಂಪನ್ನು ಸೇರಿಸಿದಾಗ ಬೇಡದ ಕಿಣ್ವದ ಮೇಲಿನ ಹಿಡಿತ ಬಿಟ್ಟುಹೋಯಿತು, ಬೇಕಾದುದರ ಮೇಲಿನ ಹಿಡಿತ ಉಳಿಯಿತು. ಇನ್ನೊಂದು ಗುಂಪನ್ನು ಜೋಡಿಸಿದಾಗ ನೀರಿನಲ್ಲಿ ಕರಗಿ, ಗುಳಿಗೆಯಾಗಿ ನುಂಗಲು ಯೋಗ್ಯವಾಯಿತು. ಹೊಸ ಔಷಧದ ನಿರ್ಮಾಣವೆಂದರೆ ಇದೇ: ಅಕ್ಕಸಾಲಿಗನಂತೆ ಕೂಡಿಸಿ, ಕಳೆದು, ಒರೆಗೆ ಹಚ್ಚುವ ಕೆಲಸ.

ಈ ರೋಗಿಗಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಸಂಸ್ಥೆ ಹಿಂಜರಿಯಿತು. ಆರಿಗಾನ್ ರಾಜ್ಯದ ವೈದ್ಯ ಬ್ರಯಾನ್ ಡ್ರೂಕರ್ ಪಟ್ಟು ಬಿಡದೆ ಒತ್ತಾಯಿಸಿದರು. 1998ರ ಜೂನ್‌ನಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಆರಂಭವಾಯಿತು. 300 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರಮಾಣ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತ ಸಹಜ ಸ್ಥಿತಿಗೆ ಮರಳಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಇದಕ್ಕೆ ಅನುಮೋದನೆ ನೀಡಿತು. ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದವರು ದಿನಕ್ಕೊಂದು ಔಷಧ ನುಂಗಿ ದಶಕಗಳ ಕಾಲ ಬದುಕತೊಡಗಿದರು. ಕೆಲವರಲ್ಲಿ ಕಿಣ್ವ ತನ್ನ ಆಕಾರ ಬದಲಿಸಿಕೊಂಡು ಔಷಧಕ್ಕೆ ಮಣಿಯದೆ ಹೋಯಿತು. ಅದಕ್ಕೆ ಡಸಾಟಿನಿಬ್‌ನಂಥ ಮರಿ ಔಷಧಗಳು ಬೇಕಾದವು. ಈ ಭಾಗವನ್ನು ಮುಖರ್ಜಿ ಬರೆದಿರುವ ಬಗೆ ಬಹಳ ಆಪ್ತವಾಗಿದೆ.

ಔಷಧದ ಅಂಗಡಿಯ ಮುಂದೆ

ಆದರೆ ನಮ್ಮ ಕುಟುಂಬಗಳ ಪಾಲಿಗೆ ಕಥೆ ಆರಂಭವಾಗುವುದೇ ಇಲ್ಲಿ. ಭಾರತದಲ್ಲಿ ಗ್ಲಿವೆಕ್‌ನ ಬೆಲೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ಇಲ್ಲಿನ ಸಂಸ್ಥೆಗಳು ತಯಾರಿಸಿದ ಅದೇ ಅಣುವಿನ ಬೆಲೆ ಸುಮಾರು 8,000ದಿಂದ 10,000 ರೂಪಾಯಿ. ನಡುವೆ ನಿಂತದ್ದು ಪೇಟೆಂಟಿನ ಪ್ರಶ್ನೆ. ಸೀಬಾ-ಗೈಗಿಯ ಉತ್ತರಾಧಿಕಾರಿ ನೊವಾರ್ಟಿಸ್, ಇಮಾಟಿನಿಬ್ ಮೆಸಿಲೇಟಿನ ಒಂದು ವಿಶಿಷ್ಟ ಹರಳಿನ ರೂಪಕ್ಕೆ ಇಲ್ಲಿ ಪೇಟೆಂಟ್ ಕೇಳಿತು. 2006ರಲ್ಲಿ ಚೆನ್ನೈ ಕಚೇರಿ ಅದನ್ನು ನಿರಾಕರಿಸಿತು. 2005ರಲ್ಲಿ ತಿದ್ದುಪಡಿಯಾದ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನ ಪ್ರಕಾರ, ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಗುಣಕಾರಕ ಶಕ್ತಿ ಹೆಚ್ಚಿದ್ದರೆ ಮಾತ್ರ, ಹಕ್ಕುಸ್ವಾಮ್ಯ ಸಿಗುತ್ತದೆ. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. 2012ರ ಮಾರ್ಚ್‌ನಲ್ಲಿ, ತಿಂಗಳಿಗೆ ಸುಮಾರು 2,80,000 ರೂಪಾಯಿ ಬೆಲೆಯ ಸೊರಾಫೆನಿಬ್ ಎಂಬ ಬೇಯರ್ ಸಂಸ್ಥೆಯ ಔಷಧವನ್ನು ಸುಮಾರು 8,800 ರೂಪಾಯಿಗೆ ಮಾರಲು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಗೆ ಕಡ್ಡಾಯ ಪರವಾನಗಿ ದೊರಕಿತ್ತು.

ಈ ತೀರ್ಪುಗಳು ಕೃತಿ ಪ್ರಕಟವಾದ ಮೇಲೆ ಬಂದವು. ಅವು ಅದರಲ್ಲಿಲ್ಲವೆಂದು ದೂರುವುದು ಸರಿಯಲ್ಲ. ಆದರೆ ವಿವಾದ ಅದಕ್ಕೂ ಮೊದಲೇ ಆರಂಭವಾಗಿತ್ತು. ದೆಹಲಿಯಲ್ಲಿ ಹುಟ್ಟಿದ ಲೇಖಕರ ದೃಷ್ಟಿ ಬಹುಪಾಲು ಅಮೆರಿಕದ ಆಸ್ಪತ್ರೆಗಳಲ್ಲೇ ನೆಟ್ಟಿದೆ. ಯುದ್ಧದ ರೂಪಕದ ಮಿತಿ ಇಲ್ಲಿ ಎದ್ದು ಕಾಣುತ್ತದೆ: ಶಸ್ತ್ರ ಸಿದ್ಧವಾದರೆ ಯುದ್ಧಕಥೆಗೆ ತೃಪ್ತಿ. ಆರೈಕೆಯ ಕಥೆಗೆ ಹಾಗಿಲ್ಲ. ಗುಳಿಗೆ ರೋಗಿಯ ಅಂಗೈಗೆ ಬರುವ ತನಕ ಅದು ಮುಗಿಯದು.

ಸಂಸ್ಥೆಗಳ ವಾದವನ್ನೂ ಕೇಳಬೇಕು. ಮನುಷ್ಯರ ಮೇಲಿನ ಪರೀಕ್ಷೆಯ ಹಂತ ತಲುಪಿದ ಕ್ಯಾನ್ಸರ್ ಸಂಯುಕ್ತಗಳಲ್ಲಿ ಹತ್ತರಲ್ಲೊಂದು ಕೂಡ ಔಷಧವಾಗುವುದಿಲ್ಲ. ಬಿದ್ದುಹೋದವುಗಳ ವೆಚ್ಚವನ್ನು ಗೆದ್ದದ್ದೇ ತುಂಬಬೇಕು. ಲಾಭವಿಲ್ಲದಿದ್ದರೆ ನಾಳಿನ ಅಣುವನ್ನು ಹುಡುಕುವವರು ಯಾರು ಎಂಬುದು ಅವರ ಪ್ರಶ್ನೆ. ನೊವಾರ್ಟಿಸ್ ಅನೇಕ ಭಾರತೀಯ ರೋಗಿಗಳಿಗೆ ಈ ಔಷಧವನ್ನು ಉಚಿತವಾಗಿ ಕೊಟ್ಟದ್ದೂ ಉಂಟು. ಆದರೂ ಗಿಡ್ಡ ವರ್ಣತಂತುವನ್ನು ಕಂಡವರು, ಅದಲುಬದಲನ್ನು ತೋರಿಸಿದವರು, ಮೊದಲ ರೋಗಿಗಳಿಗೆ ಗುಳಿಗೆ ಕೊಟ್ಟವರು ವಿಶ್ವವಿದ್ಯಾಲಯಗಳ ಜನ. ಅಪಾಯವನ್ನು ಮೈಮೇಲೆ ಎಳೆದುಕೊಂಡವರು ರೋಗಿಗಳು. ಇಷ್ಟು ಮಂದಿ ಕಟ್ಟಿದ ಮನೆಗೆ ಒಬ್ಬನೇ ಬೀಗ ಹಾಕಿದರೆ ಅದು ನ್ಯಾಯವೇ? ದಾನ ಕೊಡುವವನ ಇಚ್ಛೆಯ ಮೇಲೆ ನಿಂತದ್ದು. ನ್ಯಾಯ ಪಡೆಯುವವನ ಹಕ್ಕಿನ ಮೇಲೆ ನಿಂತದ್ದು. ಎರಡನ್ನೂ ಒಂದೇ ಎಂದು ಭಾವಿಸಬಾರದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಮಾಟಿನಿಬ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ನಮ್ಮ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಾಂಶಕ್ಕೆ ಶೇಕಡಾ 30ರ ಮಿತಿ ಹಾಕಿತು. ದಾರಿ ತೆರೆದಿದೆ, ಆದರೆ ಹೊಸದಾಗಿ ಬರುವ ಔಷಧಗಳ ಬೆಲೆ ಇನ್ನೂ ಹೆಚ್ಚಿನ ಕುಟುಂಬಗಳ ಕೈಗೆ ಎಟುಕುವಂತಿಲ್ಲ.

ಓದಿನಿಂದ ದಕ್ಕುವುದು

ಹಾಗಾದರೆ ಈ ಕೃತಿಯನ್ನು ಏಕೆ ಓದಬೇಕು? ಅದು ನಮಗೆ ಪ್ರಶ್ನೆ ಕೇಳಲು ಕಲಿಸುತ್ತದೆ. ಹೊಸ ಔಷಧದ ಸುದ್ದಿ ಬಂದಾಗ ಮೊದಲು ವಿಚಾರಿಸಬೇಕಾದದ್ದು: ಇದು ಇಲಿಯ ಮೇಲೆ ಪರೀಕ್ಷೆಯಾದದ್ದೇ, ಮನುಷ್ಯರ ಮೇಲೆಯೇ? ಮನುಷ್ಯರ ಮೇಲೆ ಎಂದಾದರೆ ಯಾವ ಹಂತ? ಮೊದಲ ಹಂತ ಸುರಕ್ಷಿತ ಪ್ರಮಾಣವನ್ನು ಹುಡುಕುತ್ತದೆ. ಎರಡನೆಯದು ಪರಿಣಾಮವಿದೆಯೇ ಎಂದು ನೋಡುತ್ತದೆ. ಮೂರನೆಯದು ಈಗಿರುವ ಚಿಕಿತ್ಸೆಗಿಂತ ಮೇಲೇ ಎಂದು ಹೋಲಿಸುತ್ತದೆ. ಮೇಲು ಎಂದರೆ ಎಷ್ಟು? ಯಕೃತ್ತಿನ ಕ್ಯಾನ್ಸರಿನಲ್ಲಿ ಸೊರಾಫೆನಿಬ್ ಕುರಿತ ಪ್ರಮುಖ ಪರೀಕ್ಷೆಯಲ್ಲಿ ರೋಗಿಗಳ ಮಧ್ಯಮ ಜೀವಿತಾವಧಿ 7.9 ತಿಂಗಳಿನಿಂದ 10.7 ತಿಂಗಳಿಗೆ ಏರಿತು. ಮೂರು ತಿಂಗಳಿಗೂ ಕಡಿಮೆಯಾದ ಈ ಅವಧಿ ಒಬ್ಬ ತಂದೆಗೆ ಮಗಳ ಮದುವೆ ನೋಡುವಷ್ಟು ಅಮೂಲ್ಯವಾಗಬಹುದು. ಆದರೆ ಅದಕ್ಕಾಗಿ ಮನೆಯ ಜಾಗವನ್ನು ಮಾರಲು ಹೊರಟವರಿಗೆ ಈ ಅಂಕಿಯನ್ನು ತಿಳಿದುಕೊಳ್ಳುವ ಹಕ್ಕಿದೆ. ವೈದ್ಯರನ್ನು ಹೀಗೆ ಕೇಳುವುದು ಅವಿಶ್ವಾಸವಲ್ಲ. ಹಾಗೆಯೇ, ಯಾವ ಪರೀಕ್ಷೆಯನ್ನೂ ಎದುರಿಸದೆ 'ನೂರಕ್ಕೆ ನೂರು ಗುಣ' ಎಂದು ಮಾರುವ ಪುಡಿ-ಕಷಾಯಗಳನ್ನು ಅಳೆಯುವ ಅಳತೆಗೋಲೂ ಇದೇ. ಪರೀಕ್ಷೆಯಲ್ಲಿ ಸೋಲುವ ಸಾಧ್ಯತೆಗೆ ತನ್ನನ್ನು ಒಡ್ಡಿಕೊಳ್ಳದ ವಸ್ತು ಔಷಧವೆನಿಸಲಾರದು.

ಇಂಗ್ಲಿಷ್ ಓದಬಲ್ಲ ನಮ್ಮ ಯುವಕ ಯುವತಿಯರು, ವಿಶೇಷವಾಗಿ ವೈದ್ಯಕೀಯ, ಶುಶ್ರೂಷೆ ಮತ್ತು ಔಷಧಶಾಸ್ತ್ರ ಕಲಿಯುತ್ತಿರುವವರು, ಈ ಗ್ರಂಥವನ್ನು ಓದಿ ಮನೆಯ ಹಿರಿಯರಿಗೆ ಅದರ ಕಥೆಗಳನ್ನು ಕನ್ನಡದಲ್ಲಿ ಹೇಳಬೇಕು. ಹೇಳುವಾಗ ಸೇನಾನಿಗಳ ಜೊತೆಗೆ ಮುಂಬಯಿಯ ಆ ಗರ್ಭಿಣಿಯರನ್ನೂ, ಭೀಮವರಂನ ಸುಬ್ಬರಾವ್ ಅವರನ್ನೂ, ಎರಡು ವರ್ಷದ ಆ ಬಾಲಕನನ್ನೂ ಮರೆಯಬಾರದು. ನಮ್ಮ ನಡುವೆ ಯಾರಾದರೂ ಈ ಕಾಯಿಲೆಯಿಂದ ತೀರಿಕೊಂಡಾಗ 'ಹೋರಾಡಿ ಸೋತರು' ಎನ್ನುವುದನ್ನು ಬಿಟ್ಟು, ಅವರು ಪಡೆದ ಚಿಕಿತ್ಸೆ ಮುಂದಿನವರ ಚಿಕಿತ್ಸೆಗೆ ಏನನ್ನಾದರೂ ಕಲಿಸಿರಬಹುದೆಂದು ನೆನೆಯಬೇಕು. ಬದುಕಿರುವವರ ವಿಷಯದಲ್ಲಿ ಮಾಡಬೇಕಾದದ್ದು ಇನ್ನೂ ಸರಳ: ಊರಿನಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮಂಗಳೂರಿಗೋ ಹೋಗಿಬರುವ ಬಸ್ಸಿನ ಖರ್ಚು ಮತ್ತು ಮುಂದಿನ ತಿಂಗಳ ಗುಳಿಗೆಯ ಹಣ ಅವರ ಬಳಿ ಇದೆಯೇ ಎಂದು ವಿಚಾರಿಸುವುದು.